ಎರಡು ಕಣ್ಣಿನ ಫೋನೂ ಆತಕೂರಿನ ಕಲ್ಲೂ

ಬೆನ್ನಿನ ಮೇಲೆ ಎರಡು ಕ್ಯಾಮರಾಗಳಿರುವ ಮೊಬೈಲ್ ಫೋನು ಒಂದೇ ಕ್ಯಾಮರಾ ಇರುವ ಫೋನಿಗಿಂತ ಮೇಲೆ? ಹಳಗನ್ನಡದ ಪಾಠ ಹೇಳಿ ನಿವೃತ್ತನಾದ ನನ್ನಂಥವನನ್ನು ಯಾರಾದರೂ ಈ ಪ್ರಶ್ನೆ ಕೇಳುವುದುಂಟೆ ಎಂದು ನಿಮಗೆ ಅನ್ನಿಸಬಹುದು. ಕೇಳುವುದುಂಟು. ಮದ್ದೂರು, ಮಳವಳ್ಳಿಗಳ ಕಡೆಯ ಹಳ್ಳಿಗಳಲ್ಲಿ ಕಲ್ಲುಗಳ ಮೇಲೆ ಆಸಕ್ತಿಯುಳ್ಳ ಕೆಲವರು ತರುಣರಿದ್ದಾರೆ. ಗದ್ದೆಯ ಬದುವಿನಲ್ಲಿ ಒಂದು ವೀರಗಲ್ಲು, ಗುಡಿಯ ಹಿಂದೆ ಒಂದು ಶಾಸನದ ತುಂಡು ಕಂಡರೆ ಫೋನಿನಲ್ಲಿ ಚಿತ್ರ ತೆಗೆದು, "ಇದರಲ್ಲೇನಿದೆ ನೋಡಿ ಸಾರ್" ಎಂದು ಕಳುಹಿಸುತ್ತಾರೆ. ಅನೇಕ ವೇಳೆ ಅದರಲ್ಲಿ ಏನಿದೆಯೆಂದು ಹೇಳಲು ಬರುವುದಿಲ್ಲ. ಕಲ್ಲು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಆಗ ಬರುವ ಮರುಪ್ರಶ್ನೆಯೇ ಇದು: "ಎರಡು ಕ್ಯಾಮರಾ ಇರುವ ಫೋನು ಕೊಂಡರೆ ಸರಿಹೋದೀತೆ, ಸಾರ್?"

ನನ್ನ ಬಳಿಯೂ ಅಂಥದೊಂದು ಫೋನಿದೆ. ಅದನ್ನು ಬಳಸಿಯೂ, ಅದರ ಶಾಸ್ತ್ರವನ್ನು ಓದಿಯೂ ತಿಳಿದುಕೊಂಡ ಅದರ ಗುಣದೋಷಗಳನ್ನು ತೂಗಿ ಹೇಳುವುದು ಈ ಭಾಷಣದ ಉದ್ದೇಶ. ತೂಗುವುದಕ್ಕೆ ಒಂದು ಬಟ್ಟು ಬೇಕಷ್ಟೆ. ಆ ಬಟ್ಟನ್ನು ನಾನು ನಮ್ಮ ಸೀಮೆಯಿಂದಲೇ ಆರಿಸಿಕೊಳ್ಳುತ್ತೇನೆ: ಅದು ಆತಕೂರಿನ ಕಲ್ಲು.

ಮದ್ದೂರು ತಾಲ್ಲೂಕಿನಲ್ಲಿ ಇಂದು ಹೋಬಳಿಯ ಕೇಂದ್ರವಾಗಿರುವ ಆತಗೂರೇ ಶಾಸನದ ಆತಕೂರು. ಕ್ರಿ.ಶ. 949-50ರ ಈ ಶಾಸನ ಕನ್ನಡ ಓದುಗರಿಗೆ ಅಪರಿಚಿತವಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಚೋಳ ರಾಜಾದಿತ್ಯನೂ ತಕ್ಕೋಲದಲ್ಲಿ ಕಾದಿದರು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟರು. ನಾಯಿ ಹಂದಿಗಳ ಹೋರಾಟದ ಉಬ್ಬುಚಿತ್ರವೂ ಬರಹವೂ ಒಂದೇ ಕಲ್ಲಿನಲ್ಲಿವೆ. ಕಲ್ಲು ಊರನ್ನು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿ ಬಹುಕಾಲವಾಯಿತು.

ಈ ಶಾಸನದ ಪಾಠದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಬೂತುಗ ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಮಾತಿನಲ್ಲಿ ಮೊದಮೊದಲು ಓದಿದ ವಿದ್ವಾಂಸರಿಗೆ ವಂಚನೆಯ ಅರ್ಥ ಕಂಡಿತು. ಬೂತುಗ ಮೋಸದಿಂದ ಇರಿದನೆಂದು ಇತಿಹಾಸದಲ್ಲಿ ಬರೆದದ್ದಾಯಿತು. ಅನಂತರ ತಿದ್ದಿದ ಓದಿನಲ್ಲಿ ಅರ್ಥ ಬೇರೆಯಾಯಿತು: ಆನೆಯ ಮೇಲಿನ ಅಂಬಾರಿಯೇ ರಣರಂಗವಾಗಲು ಬೂತುಗ ಇರಿದು ಕೊಂದನು. ಕಳ್ಳ ಎಂಬ ಮಾತಿಗೂ ರಣವೆಂಬ ಅರ್ಥದ ಕಳ ಎಂಬ ಮಾತಿಗೂ ನಮ್ಮ ಲಿಪಿಯಲ್ಲಿ ಎಷ್ಟು ಅಂತರ? ಒಂದು ಒತ್ತಕ್ಷರದಷ್ಟು. ಒಬ್ಬ ಮನುಷ್ಯ ವೀರನೋ ವಂಚಕನೋ ಎಂಬುದು ಸಾವಿರ ವರ್ಷದ ಮೇಲೆ ಕಲ್ಲಿನ ಒಂದೆರಡು ಗೀರುಗಳ ಓದನ್ನು ಅವಲಂಬಿಸಿರಬಲ್ಲದು. ಆದ್ದರಿಂದ ನಾನು ಕ್ಯಾಮರಾವನ್ನು ಕೇಳುವ ಪ್ರಶ್ನೆ ಇಷ್ಟೆ: ಇದ್ದ ಒತ್ತನ್ನು ನೀನು ತೋರಿಸುತ್ತೀಯೊ? ಇಲ್ಲದ ಒತ್ತನ್ನು ಸೇರಿಸದೆ ಇರುತ್ತೀಯೊ?

ಇನ್ನು ಯಂತ್ರದ ವಿಚಾರಕ್ಕೆ ಬರೋಣ. ಎರಡು ಕಣ್ಣುಗಳು ಬೇರೆ ಬೇರೆ ಎಡೆಗಳಿಂದ ಕಾಣುವ ಎರಡು ಚಿತ್ರಗಳ ಅಲ್ಪ ವ್ಯತ್ಯಾಸದಿಂದಲೇ ಮನಸ್ಸು ದೂರವನ್ನು ಗ್ರಹಿಸುತ್ತದೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟನು. ಒಂದು ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ದೂರದ ತೆಂಗಿನ ಮರ ಅಷ್ಟು ಸರಿಯುವುದಿಲ್ಲ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಈ ಸರಿತವನ್ನು ಅಳೆದರೆ ದೂರ ತಿಳಿಯುತ್ತದೆ. 2011ರಲ್ಲಿ ಎಚ್‌ಟಿಸಿ, ಎಲ್‌ಜಿ ಕಂಪನಿಗಳು ಮೂರು ಆಯಾಮದ ಚಿತ್ರಕ್ಕಾಗಿ ಎರಡು ಕ್ಯಾಮರಾಗಳ ಫೋನುಗಳನ್ನು ತಂದವು. ಆ ಷೋಕಿ ಬಹುಕಾಲ ನಿಲ್ಲಲಿಲ್ಲ. 2016ರಲ್ಲಿ ಎರಡನೆಯ ಕ್ಯಾಮರಾ ಹೊಸ ಹೊಸ ವೇಷಗಳಲ್ಲಿ ಮರಳಿ ಬಂತು. ಎಲ್‌ಜಿ ಜಿ5ರಲ್ಲಿ ಅದು ಅಗಲವಾದ ನೋಟದ ಮಸೂರ. ಹುವಾವೆ ಪಿ9ರಲ್ಲಿ ಬರಿಯ ಕಪ್ಪುಬಿಳುಪನ್ನು ಕಾಣುವ ಕಣ್ಣು. ಆಪಲ್ ಐಫೋನ್ 7 ಪ್ಲಸ್‌ನಲ್ಲಿ ದೂರದ್ದನ್ನು ಹತ್ತಿರ ತರುವ ಮಸೂರ. 2017ರ ಸೆಪ್ಟೆಂಬರಿನಲ್ಲಿ ಶಿಯೋಮಿ ಕಂಪನಿ ಮಿ ಎ1 ಎಂಬ ಫೋನನ್ನು 14,999 ರೂಪಾಯಿಗೆ ಭಾರತದ ಪೇಟೆಗೆ ಬಿಟ್ಟಿತು. ಅದರೊಡನೆ ಈ ಎರಡನೆಯ ಕಣ್ಣು ಮಧ್ಯಮ ವರ್ಗದ ಕೈಗೂ ಎಟುಕಿತು.

ಗುಣಗಳನ್ನು ಮೊದಲು ಹೇಳುತ್ತೇನೆ. ಮೊದಲನೆಯದು ದೂರದರ್ಶಕ ಮಸೂರದ ಉಪಕಾರ. ಒಂದೇ ಕ್ಯಾಮರಾದ ಸಾಮಾನ್ಯ ಫೋನಿನಲ್ಲಿ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರೆ ಹೊಸದಾಗಿ ಏನೂ ಕಾಣುವುದಿಲ್ಲ. ಇದ್ದ ಚುಕ್ಕೆಗಳೇ ದಪ್ಪವಾಗುತ್ತವೆ. ಆದರೆ ಎರಡು ಪಟ್ಟು ಹತ್ತಿರ ತರುವ ಮಸೂರವಿದ್ದರೆ ನಿಜವಾಗಿಯೂ ಹೆಚ್ಚು ವಿವರ ಸಿಗುತ್ತದೆ. ದೇವಾಲಯದ ಕಂಬದ ಮೇಲಣ ಬರಹ, ಏಣಿ ಹಾಕಲಾಗದ ತೊಲೆಯ ಮೇಲಣ ಸಾಲು, ಬೇಲಿಯಾಚೆಗಿನ ಕಲ್ಲು, ಇವಕ್ಕೆ ಅದು ಬಹಳ ಅನುಕೂಲ.

ಇದರೊಡನೆ ಇನ್ನೊಂದು ಲಾಭವೂ ಸೇರಿದೆ. ಅಗಲ ನೋಟದ ಮಸೂರವನ್ನು ಮುಖಕ್ಕೆ ತೀರ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ ಕಿವಿಗಳು ಹಿಂದೆ ಸರಿಯುವುದನ್ನು ನೀವು ನೋಡಿರುತ್ತೀರಿ. ಆಳೆತ್ತರದ ಕಲ್ಲಿಗೂ ಹಾಗೆಯೇ; ಹತ್ತಿರ ನಿಂತು ಫೋನನ್ನು ಓರೆಮಾಡಿ ತೆಗೆದರೆ ಮೇಲಿನ ಸಾಲುಗಳು ಕುಗ್ಗಿ, ಕೆಳಗಿನವು ಹಿಗ್ಗುತ್ತವೆ. ಇದು ಮಸೂರದ ದೋಷವಲ್ಲ, ನಾವು ನಿಂತ ಎಡೆಯ ದೋಷ. ಎರಡು ಪಟ್ಟಿನ ಮಸೂರವಿದ್ದರೆ ಹಿಂದಕ್ಕೆ ಸರಿದು, ಕಲ್ಲಿಗೆ ಸಮನಾಗಿ ಹಿಡಿದು ತೆಗೆಯಬಹುದು. ಅಕ್ಷರಗಳ ಅಳತೆ ಕೆಡುವುದಿಲ್ಲ.

ಆದರೆ ಎರಡು ಪಟ್ಟು ಎಂಬುದಕ್ಕೆ ಮಿತಿಯುಂಟು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಊರೊಳಗಣ ಹುಣಿಸೆಮರದ ತುದಿಯಲ್ಲಿ ಗೂಡು ಕಟ್ಟಿದ ಹೆಜ್ಜಾರ್ಲೆಯನ್ನೋ ಬಣ್ಣದ ಕೊಕ್ಕರೆಯನ್ನೋ ಹಿಡಿಯಲು ನೋಡಿ. ಐವತ್ತು ಅಡಿಯ ದೂರ ಇಪ್ಪತ್ತೈದು ಅಡಿಯಂತೆ ಆಗುತ್ತದೆ, ಅಷ್ಟೆ. ಹಕ್ಕಿ ಇದೆಯೆಂದು ತಿಳಿಯುತ್ತದೆ. ಗರಿಯ ಬಣ್ಣದ ಸೊಗಸು ಕೈಗೆ ಬರುವುದಿಲ್ಲ. ಹಕ್ಕಿಯ ಚಿತ್ರಕ್ಕೆ ಉದ್ದ ಮಸೂರದ ದೊಡ್ಡ ಕ್ಯಾಮರಾವೇ ಬೇಕು.

ಎರಡನೆಯ ಗುಣ ಪೋರ್ಟ್ರೇಟ್ ಎಂಬ ವಿಧಾನ. ಎರಡು ಚಿತ್ರಗಳ ಸರಿತದಿಂದ ಯಾವುದು ಹತ್ತಿರ, ಯಾವುದು ದೂರ ಎಂದು ಫೋನು ಲೆಕ್ಕಹಾಕಿ, ಹಿನ್ನೆಲೆಯನ್ನು ಮಸುಕುಮಾಡಿ ಮುಖವನ್ನು ಮಾತ್ರ ತಿಳಿಯಾಗಿ ಉಳಿಸುತ್ತದೆ. ಮದುವೆಯ ಮನೆಯಲ್ಲಿ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಮರೆಯಾಗಿ ಮಗುವಿನ ಮುಖ ಮಾತ್ರ ಎದ್ದು ಕಾಣುವುದು ಸಂತೋಷದ ವಿಷಯವೇ. ಇದನ್ನು ಹೀಗಳೆಯುವಷ್ಟು ರಸಹೀನನಲ್ಲ ನಾನು. ಆದರೆ 2017ರ ಅಕ್ಟೋಬರಿನಲ್ಲಿ ಬಂದ ಗೂಗಲ್ ಪಿಕ್ಸೆಲ್ 2 ಎಂಬ ಫೋನು ಹಿಂದಿನ ಒಂದೇ ಕ್ಯಾಮರಾದಿಂದ, ಬಹುಮಟ್ಟಿಗೆ ಗಣಕದ ಚಾತುರ್ಯದಿಂದ, ಇದೇ ಕೆಲಸ ಮಾಡಿ ತೋರಿಸಿತು. ಹಿನ್ನೆಲೆ ಮಸುಕಾಗುವುದಕ್ಕೆ ಎರಡನೆಯ ಕಣ್ಣು ಅನಿವಾರ್ಯವಲ್ಲವೆಂದು ಅಂದೇ ಸಿದ್ಧವಾಯಿತು.

ಇನ್ನು ದೋಷಗಳು. ಮೊದಲನೆಯದು ಬೆಳಕಿನ ಬಡತನ. ಎರಡು ಕ್ಯಾಮರಾಗಳೆಂದರೆ ಎರಡು ಸಮಾನ ಕ್ಯಾಮರಾಗಳೆಂದು ತಿಳಿಯಬಾರದು. ಮಿ ಎ1ರ ಎರಡು ಕ್ಯಾಮರಾಗಳೂ 12 ಮೆಗಾಪಿಕ್ಸೆಲ್‌ನವೇ. ಕಾಗದದ ಮೇಲೆ ಸರಿಸಮಾನ. ಆದರೆ ಮೊದಲನೆಯ ಮಸೂರದ ಬಾಯಿ ಎಫ್ 2.2, ಎರಡನೆಯದು ಎಫ್ 2.6, ಈ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಚಿಕ್ಕದು. ಬೆಳಕನ್ನು ಹಿಡಿಯುವ ಒಂದೊಂದು ಕಣದ ಅಗಲ ಮೊದಲನೆಯದರಲ್ಲಿ 1.25 ಮೈಕ್ರಾನ್, ಎರಡನೆಯದರಲ್ಲಿ 1 ಮೈಕ್ರಾನ್. ಈ ಎರಡನ್ನೂ ಗುಣಿಸಿ ನೋಡಿದರೆ ಎರಡನೆಯ ಕಣ್ಣಿನ ಒಂದು ಕಣಕ್ಕೆ ದೊರೆಯುವ ಬೆಳಕು ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ. ಬಯಲಿನಲ್ಲಿ ಇದು ಗೊತ್ತಾಗುವುದಿಲ್ಲ. ಗುಡಿಯ ನವರಂಗದ ಮಬ್ಬಿನಲ್ಲಿ ಗೊತ್ತಾಗುತ್ತದೆ. ಚಿತ್ರದಲ್ಲಿ ರಾಗಿ ಚೆಲ್ಲಿದಂತೆ ಕಾಳುಕಾಳಾದ ಚುಕ್ಕೆಗಳು ತುಂಬುತ್ತವೆ. ಅನೇಕ ಫೋನುಗಳು ಕತ್ತಲೆಯಲ್ಲಿ ಎರಡನೆಯ ಕ್ಯಾಮರಾವನ್ನು ಸುಮ್ಮನೆ ಬದಿಗಿಟ್ಟು, ಮೊದಲನೆಯದರ ಚಿತ್ರವನ್ನೇ ಹಿಗ್ಗಿಸಿ ಕೊಟ್ಟುಬಿಡುತ್ತವೆ. ನಾವು ಎರಡನೆಯ ಕಣ್ಣಿನಿಂದ ನೋಡುತ್ತಿದ್ದೇವೆಂದು ಭಾವಿಸಿರುತ್ತೇವೆ.

ಎರಡನೆಯ ದೋಷ ಹೆಸರಿಗೆ ಮಾತ್ರ ಇರುವ ಕಣ್ಣು. ಅಗ್ಗದ ಅನೇಕ ಮಾದರಿಗಳಲ್ಲಿ ಎರಡನೆಯದು 2 ಮೆಗಾಪಿಕ್ಸೆಲ್‌ನ ಸಹಾಯಕ ಮಾತ್ರ. ಅದರಿಂದ ಪ್ರತ್ಯೇಕವಾಗಿ ಒಂದು ಒಳ್ಳೆಯ ಚಿತ್ರ ತೆಗೆಯುವಂತಿಲ್ಲ. ದೃಷ್ಟಿಬೊಟ್ಟಿನಂತೆ ಫೋನಿನ ಬೆನ್ನಿಗೆ ಅಲಂಕಾರ. ಅಂಗಡಿಯಲ್ಲಿ "ಎಷ್ಟು ಕ್ಯಾಮರಾ" ಎಂದು ಕೇಳುವುದಕ್ಕೆ ಬದಲು "ಎರಡನೆಯದು ಏನು ಮಾಡುತ್ತದೆ" ಎಂದು ಕೇಳುವುದು ವಿವೇಕ.

ಮೂರನೆಯದು ಶಾಸನದ ಓದಿಗೆ ನೇರವಾಗಿ ತಟ್ಟುವ ದೋಷ. ಎರಡು ಕಣ್ಣಿರುವ ಫೋನು ಆಳವನ್ನು ಅಳೆಯುತ್ತದಲ್ಲವೆ, ಹಾಗಾದರೆ ಕಲ್ಲಿನಲ್ಲಿ ಕೊರೆದ ಅಕ್ಷರದ ಆಳವನ್ನೂ ತೋರಿಸೀತು ಎಂದು ಆಸೆಪಡುವುದು ಸಹಜ. ಲೆಕ್ಕ ಬೇರೆ ಹೇಳುತ್ತದೆ. ಮನುಷ್ಯನ ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗೆ ತುಸು ಮೇಲ್ಪಟ್ಟು ಅಂತರವಿದೆ; ಫೋನಿನ ಎರಡು ಮಸೂರಗಳ ನಡುವೆ ಸುಮಾರು ಒಂದೇ ಸೆಂಟಿಮೀಟರ್. ಕಲ್ಲು ಒಂದು ಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಳ್ಳಿ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಒಂದೇ ಒಂದು ಚುಕ್ಕೆಯಷ್ಟು ಸರಿತ ಕಾಣಬೇಕಾದರೂ ಆಳದ ವ್ಯತ್ಯಾಸ ಸುಮಾರು 35 ಮಿಲಿಮೀಟರ್ ಇರಬೇಕು. ಅಕ್ಷರದ ಗೀರಿನ ಆಳ 2 ಮಿಲಿಮೀಟರ್ ಆದರೆ, ಅದರ ಸರಿತ ಒಂದು ಚುಕ್ಕೆಯ ಹದಿನೇಳನೆಯ ಒಂದು ಭಾಗ. ಮುಖವನ್ನೂ ಹಿಂದಿನ ಗೋಡೆಯನ್ನೂ ಬೇರ್ಪಡಿಸುವುದಕ್ಕೆ ಸಾಕಾದ ಈ ಅಳತೆಗೋಲು ಒತ್ತಕ್ಷರವನ್ನು ಅಳೆಯಲಾರದು.

ಈಗ ಎಲ್ಲಕ್ಕಿಂತ ದೊಡ್ಡ ದೋಷ. ಪೋರ್ಟ್ರೇಟ್ ಚಿತ್ರಗಳ ಅಂಚುಗಳನ್ನು ಗಮನವಿಟ್ಟು ನೋಡಿ. ಜಡೆಯಿಂದ ಹೊರಚಾಚಿದ ಮಲ್ಲಿಗೆಯ ಮೊಗ್ಗು, ಕನ್ನಡಕದ ಕಡ್ಡಿ, ಗಾಳಿಗೆ ಹಾರುವ ಕೂದಲು, ಕಬ್ಬಿನ ಗರಿಯ ತುದಿ, ಇವು ಒಮ್ಮೊಮ್ಮೆ ಅರ್ಧಕ್ಕೇ ಕರಗಿಹೋಗಿರುತ್ತವೆ. ಯಂತ್ರಕ್ಕೆ ಇವು ಮುಂದಿನವೋ ಹಿಂದಿನವೋ ತಿಳಿಯಲಿಲ್ಲ, ಊಹಿಸಿತು. ಊಹೆ ತಪ್ಪಲ್ಲ. ಗ್ರಂಥಸಂಪಾದನೆಯಲ್ಲಿ ನಾವೂ ಊಹಿಸುತ್ತೇವೆ. ಹುಳು ತಿಂದ ಓಲೆಯಲ್ಲಿ, ಚಕ್ಕೆಯೆದ್ದ ಕಲ್ಲಿನಲ್ಲಿ ಹೋದ ಅಕ್ಷರವನ್ನು ಸಂದರ್ಭದಿಂದ ತುಂಬುತ್ತೇವೆ. ಆದರೆ ತುಂಬಿದ್ದನ್ನು ಕಂಸದೊಳಗಿಟ್ಟು, ಇದು ಕಲ್ಲಿನದಲ್ಲ, ಸಂಪಾದಕನದು ಎಂದು ತಿಳಿಸುತ್ತೇವೆ. ಮುಂದೆ ಬರುವವನು ಅದನ್ನು ಒಪ್ಪಬಹುದು, ಬಿಡಬಹುದು. ಫೋನಿನ ಊಹೆಗೆ ಕಂಸವಿಲ್ಲ. ಕಂಡದ್ದೂ ಊಹಿಸಿದ್ದೂ ಒಂದೇ ಬಣ್ಣದಲ್ಲಿ, ಒಂದೇ ಧೈರ್ಯದಲ್ಲಿ ನಮ್ಮೆದುರು ನಿಲ್ಲುತ್ತವೆ.

ಇದು ಬರಿಯ ಭಯವಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಕಾಗದವನ್ನು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಮಾಡಿಡುವುದನ್ನು ಬಯಲಿಗೆಳೆದನು. ಚಿತ್ರದ ಗಾತ್ರವನ್ನು ತಗ್ಗಿಸಲು ಯಂತ್ರ ಒಂದೇ ಬಗೆಯಾಗಿ ಕಂಡ ಅಂಕಿಗಳನ್ನು ಒಂದೇ ಎಂದು ಎಣಿಸುತ್ತಿತ್ತು. ಅಂಕಿ ಮಸುಕಾಗಿರಲಿಲ್ಲ, ಸ್ವಚ್ಛವಾಗಿಯೇ ಇತ್ತು, ಆದರೆ ಸುಳ್ಳಾಗಿತ್ತು. ಕಂಪನಿ ಆಮೇಲೆ ಅದನ್ನು ಸರಿಪಡಿಸಿತು. 2023ರಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಮಾಡಿ, ಗಣಕದ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ತೆಗೆದಾಗ, ಪರದೆಯ ಮೇಲೆ ಇಲ್ಲದ ಕುಳಿಗಳೂ ಕಲೆಗಳೂ ಚಿತ್ರದಲ್ಲಿ ಮೂಡಿದವು. ಚಂದ್ರನನ್ನು ಗುರುತಿಸಿ ವಿವರಗಳನ್ನು ಹೆಚ್ಚಿಸುವ ಕೃತಕ ಬುದ್ಧಿಮತ್ತೆಯನ್ನು ಬಳಸುತ್ತಿದ್ದೇವೆಂದು ಕಂಪನಿಯೇ ವಿವರಿಸಿತು. ಚಂದ್ರನಿಗೆ ಇದರಿಂದ ನಷ್ಟವಿಲ್ಲ. ಅವನು ನಾಳೆಯೂ ಮೂಡುತ್ತಾನೆ. ರಸ್ತೆಯ ಅಗಲೀಕರಣದಲ್ಲಿ ಒಡೆದುಹೋಗುವ, ಜಗಲಿಯ ಚಪ್ಪಡಿಯಾಗಿ ಸವೆದುಹೋಗುವ ವೀರಗಲ್ಲು ನಾಳೆ ಮೂಡುವುದಿಲ್ಲ. ಅದರ ಬಗ್ಗೆ ಉಳಿಯುವ ಸಾಕ್ಷಿ ಒಬ್ಬ ಹುಡುಗನ ಫೋನಿನ ಚಿತ್ರ ಮಾತ್ರವಾಗಿರಬಹುದು. ಆ ಸಾಕ್ಷಿ ನಯಗೊಳಿಸಿದ ಸಾಕ್ಷಿಯಾಗಬಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಬೆಳಕು. ಹಿಂದಿನವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ತಗ್ಗು ಬೆಳ್ಳಗೆ, ಮೈ ಕಪ್ಪಗೆ ಬರುತ್ತಿತ್ತು. ಚಿತ್ರದಲ್ಲಿ ಆ ಕೆಲಸವನ್ನು ಓರೆಬಿಸಿಲು ಮಾಡುತ್ತದೆ. ಕಲ್ಲಿನ ಮೈಗೆ ಹತ್ತು ಡಿಗ್ರಿಯಷ್ಟೇ ಓರೆಯಾಗಿ ಬೆಳಕು ಬಿದ್ದರೆ, 2 ಮಿಲಿಮೀಟರ್ ಎತ್ತರದ ಅಂಚು ಸುಮಾರು 11 ಮಿಲಿಮೀಟರ್ ನೆರಳನ್ನು ಚೆಲ್ಲಬಲ್ಲದು. ಪೂರ್ವಕ್ಕೆ ಮುಖಮಾಡಿ ನಿಂತ ಕಲ್ಲಿಗೆ ಈ ಬೆಳಕು ನಡುಹಗಲಿಗೆ ತುಸು ಮುಂಚೆ ಸಿಗುತ್ತದೆ. ಪಶ್ಚಿಮಕ್ಕೆ ಮುಖಮಾಡಿದ್ದಕ್ಕೆ ತುಸು ಅನಂತರ. ಗುಡಿಯ ಒಳಗಾದರೆ ಒಂದು ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಸವರಿದಂತೆ ಹಿಡಿಯಬೇಕು. ಎಡದಿಂದ ಒಂದು ಚಿತ್ರ, ಬಲದಿಂದ ಒಂದು, ಮೇಲಿನಿಂದ ಒಂದು. ಫೋನಿನ ಫ್ಲಾಷ್ ಎದುರಿನಿಂದಲೇ ಹೊಡೆಯುವುದರಿಂದ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಅದನ್ನು ಆರಿಸಿಯೇ ಇಡಬೇಕು. ಸೀಮೆಸುಣ್ಣದಿಂದ ಅಕ್ಷರಗಳನ್ನು ತಿದ್ದುವುದಂತೂ ಕೂಡದು. ತಿದ್ದಿದವನ ಊಹೆಯೇ ಅಲ್ಲಿ ಉಳಿಯುತ್ತದೆ.

ಆಮೇಲೆ ಎರಡನೆಯ ಕಣ್ಣು. ಅದು ಫೋನಿನಲ್ಲಿ ಇಲ್ಲದಿದ್ದರೂ ನಮ್ಮ ಕಾಲಿನಲ್ಲಿದೆ. ಒಂದು ಚಿತ್ರ ತೆಗೆದು, ಒಂದಡಿ ಪಕ್ಕಕ್ಕೆ ಸರಿದು ಇನ್ನೊಂದು ತೆಗೆಯಿರಿ. ಒಂದು ಸೆಂಟಿಮೀಟರಿನ ಅಂತರ ಮೂವತ್ತು ಸೆಂಟಿಮೀಟರ್ ಆಯಿತು. ಈಗ 2 ಮಿಲಿಮೀಟರ್ ಆಳದ ಗೀರು ಒಂದೂವರೆ ಚುಕ್ಕೆಗೂ ಮೇಲ್ಪಟ್ಟು ಸರಿಯುತ್ತದೆ. ಗಣಕಕ್ಕೆ ಅಳೆಯಲು ಅದು ಸಾಕು. ಹೀಗೆ ಕಲ್ಲಿನ ಎದುರು ಹೆಜ್ಜೆ ಹೆಜ್ಜೆಗೆ ಸರಿಯುತ್ತ ತೆಗೆದ ಹತ್ತಾರು ಚಿತ್ರಗಳಿಂದ ಕಲ್ಲಿನ ಮೂರು ಆಯಾಮದ ಪ್ರತಿಯನ್ನೇ ಕಟ್ಟಬಹುದು. ಇದಕ್ಕೆ ಒಂದೇ ಕ್ಯಾಮರಾದ ಫೋನು ಧಾರಾಳವಾಗಿ ಸಾಕು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುವ ಕೆಲಸವನ್ನು ಕೈಗೊಂಡಿತು. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರಗಳೂ ಅಂಥ ಪ್ರತಿಯಲ್ಲಿ ಬೆಳಕನ್ನು ಬೇಕಾದತ್ತ ತಿರುಗಿಸಿ ನೋಡಿದಾಗ ಓದಿಗೆ ಒದಗುತ್ತವೆ. ಆ ಸ್ಕ್ಯಾನರ್ ಎಲ್ಲರ ಬಳಿಯೂ ಇರುವುದಿಲ್ಲ, ಕಾಲುಗಳಿರುತ್ತವೆ.

ಇನ್ನೆರಡು ಮಾತು. ಶಾಸನದ ಚಿತ್ರಕ್ಕೆ ಪೋರ್ಟ್ರೇಟ್ ವಿಧಾನವನ್ನಾಗಲಿ, ಚೆಲುವು ಹೆಚ್ಚಿಸುವ ಯಾವ ಗುಂಡಿಯನ್ನಾಗಲಿ ಒತ್ತಬಾರದು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಬೇಕು. ಕಳುಹಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಸಾಮಾನ್ಯವಾಗಿ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ತೆಗೆದದ್ದು ತೆಗೆದಂತೆ ಬರುತ್ತದೆ. ನನಗೆ ಬರುವ ಚಿತ್ರಗಳಲ್ಲಿ ಓದಲಾಗದವು ಅನೇಕವು ಕ್ಯಾಮರಾದಿಂದ ಕೆಟ್ಟವಲ್ಲ, ದಾರಿಯಲ್ಲಿ ಕೆಟ್ಟವು.

ತೂಕ ಮುಗಿಯಿತು. ಮನೆಯವರ ಮುಖಗಳು, ಮದುವೆ ಮುಂಜಿಗಳು ಮುಖ್ಯವಾದರೆ, ಎತ್ತರದ ಕೆತ್ತನೆಗಳನ್ನು ತೆಗೆಯುವ ಅಭ್ಯಾಸವಿದ್ದರೆ, ನಿಜವಾದ ದೂರದರ್ಶಕ ಮಸೂರವುಳ್ಳ ಎರಡು ಕ್ಯಾಮರಾದ ಫೋನು ಕೊಟ್ಟ ಹಣಕ್ಕೆ ನ್ಯಾಯ ಮಾಡುತ್ತದೆ. ಎರಡನೆಯದು ಬರಿಯ 2 ಮೆಗಾಪಿಕ್ಸೆಲ್‌ನ ಬೊಟ್ಟಾಗಿದ್ದರೆ ಅದಕ್ಕಾಗಿ ಒಂದು ಕಾಸನ್ನೂ ಹೆಚ್ಚು ಕೊಡಬೇಕಾಗಿಲ್ಲ. ಆ ಹಣದಲ್ಲಿ ಮೊದಲನೆಯ ಕ್ಯಾಮರಾ ಚೆನ್ನಾಗಿರುವ ಫೋನನ್ನು ಆರಿಸಿಕೊಳ್ಳಬಹುದು. ಕಲ್ಲನ್ನು ಓದುವ ಹಂಬಲವುಳ್ಳ ಆತಗೂರು ಸೀಮೆಯ ಹುಡುಗರಿಗೆ ನನ್ನ ಉತ್ತರ: ಕೈಯಲ್ಲಿರುವ ಫೋನೇ ಸಾಕು. ಒಂದು ಟಾರ್ಚು, ಒಂದು ಅಳತೆಪಟ್ಟಿ, ಸರಿಯಾದ ಹೊತ್ತಿಗೆ ಕಾಯುವ ಸಹನೆ, ಇವನ್ನು ಜೊತೆಗೆ ಒಯ್ಯಿರಿ. ಓದಲು ಬಾರದ ಅಕ್ಷರವಿದ್ದರೆ ಅದು ಚಿತ್ರದಲ್ಲಿಯೂ ಓದಲು ಬಾರದಂತೆಯೇ ಇರಲಿ. ಅದನ್ನು ಓದಬಲ್ಲವರು ಮುಂದೆ ಎಂದಾದರೂ ಬಂದಾರು.